ಕುಂಕುಮ ಹಚ್ಚಿ ಬಿಟ್ಟ ಆಮೆ

ಇದನ್ನು ಹೇಳಬೇಕೆಂದು ಕೂತು, ನಾಳೆ ನೋಡೋಣವೆಂದು ಎದ್ದುಹೋದದ್ದು ಎಷ್ಟು ಸಲವೋ. ಮೊದಲು ಹೆಂಡತಿಗೆ ಗೊತ್ತಾದೀತೆಂದು ತಡೆದೆ, ಆಮೇಲೆ ಊರಿಗೆ ಗೊತ್ತಾದೀತೆಂದು. ಈಗ ಯಾವ ನೆವವೂ ಉಳಿದಿಲ್ಲ. ನಮ್ಮ ದೇವಸ್ಥಾನದ ಕೆರೆಗೆ ಪರದೇಶದ ಆಮೆಯನ್ನು ಬಿಟ್ಟವನು ನಾನು. ಅದನ್ನು ಹಿಡಿಯಲು ಬಂದವಳನ್ನು ಊರ ಮುಂದೆ ಕಳ್ಳಿಯ ಹಾಗೆ ನಿಲ್ಲಿಸಿದವನೂ ನಾನೇ.

ಗಂಗೊಳ್ಳಿಯ ಐಸ್ ಪ್ಲಾಂಟಿನ ಕೆಲಸ ಬಿಟ್ಟ ಮೇಲೆ ಮನೆಯಲ್ಲಿದ್ದದ್ದು ನಾನು ಮತ್ತು ನನ್ನ ಹೆಂಡತಿ ಗಿರಿಜೆ. ಅವಳ ಅಣ್ಣನ ಮಗ ಮುಂಬೈಯಿಂದ ಬರುವಾಗ ಒಂದು ಆಮೆಮರಿ ತಂದುಕೊಟ್ಟ. ಅಂಗೈಯಲ್ಲಿ ಕೂರುವಷ್ಟು ಪುಟ್ಟದು; ಹಸಿರು ಚಿಪ್ಪು, ಕಣ್ಣಿನ ಹಿಂದೆ ಕೆಂಪು ಗೆರೆ. ಗಿರಿಜೆ ಅದನ್ನು ಚಿನ್ನು ಎಂದು ಕರೆದಳು. ಬಂಗುಡೆ ಕೊಯ್ಯುವಾಗ ಮೊದಲ ಚೂರು ಅದಕ್ಕೇ. "ಹ್ವಾಯ್, ನಿಮ್ಗೆ ಆಮೇಲೆ. ಅದ್ ನಿಮ್ಮಂಗೆ ಸಾರಿಗ್ ಉಪ್ಪ್ ಸಾಲ ಅಂದ್ಕಂಡ್ ಮೋರೆ ಗಂಟ್ ಹಾಕುದಿಲ್ಲೆ" ಎನ್ನುತ್ತಿದ್ದಳು.

ಆಗ ನಮ್ಮ ಕಡೆಗೆ ಅರಣ್ಯ ಇಲಾಖೆಯ ಗಾರ್ಡ್ ಆಗಿ ಬಂದಿದ್ದವಳು ಹಾವೇರಿ ಕಡೆಯ ಹುಡುಗಿ. ನಾವು ಕಡಲಿನವರು ಬಲೆಗೆ ಬಿದ್ದ ಆಮೆಗೆ ಕುಂಕುಮ ಹಚ್ಚಿ, ಕೈಮುಗಿದು ನೀರಿಗೆ ಬಿಡುವವರು. ಆದರೆ ಅದೇ ಆಮೆ ದಡದಲ್ಲಿಟ್ಟ ಮೊಟ್ಟೆಯನ್ನು ಅಗೆದು ತಿನ್ನುವಾಗ ಆ ಭಕ್ತಿ ನೆನಪಾಗುತ್ತಿರಲಿಲ್ಲ. ಅವಳು ಯಾರನ್ನೂ ಗದರಿಸಲಿಲ್ಲ. ಮನೆಮನೆ ಹತ್ತಿ, ಚಾ ಕುಡಿದು, ನಮ್ಮ ಮಾತನ್ನು ತಪ್ಪುತಪ್ಪಾಗಿ ಆಡಿ ನಗಿಸಿ, ಮೊಟ್ಟೆ ಮುಟ್ಟಬೇಡಿ, ಗೂಡು ಕಂಡರೆ ತಿಳಿಸಿ ಎಂದು ಹೇಳಿದ್ದನ್ನೇ ಹೇಳಿದಳು. ಕೊನೆಗೆ ಗೂಡು ಕಂಡವರೇ ಅವಳಿಗೆ ಫೋನ್ ಮಾಡತೊಡಗಿದರು. ಅವಳು ಗೂಡಿನ ಸುತ್ತ ಬಲೆ ಕಟ್ಟಿ ಕಾಯುತ್ತಿದ್ದಳು. ಮರಿಗಳು ಕಡಲಿಗೆ ಹರಿದುಹೋಗುವ ದಿನ ಊರೆಲ್ಲ ದಡದಲ್ಲಿ. ಖಾಕಿ ಬಟ್ಟೆಯನ್ನು ನಮ್ಮ ಊರು ನಂಬಿದ್ದು ಅದೇ ಮೊದಲು.

ಒಂದು ದಿನ ಅವಳು ನಮ್ಮ ಜಗುಲಿಯಲ್ಲಿ ಕೂತು ಚಿನ್ನುವನ್ನು ಕಂಡಳು. ಚಿಪ್ಪಿನ ಅಂಚಲ್ಲಿ ಒಂದು ಕಡೆ ಮುಕ್ಕಾಗಿತ್ತು — ಬಾವಿಕಟ್ಟೆಯಿಂದ ಬಿದ್ದದ್ದು — ಅದನ್ನು ಬೆರಳಿನಿಂದ ಸವರಿದಳು. "ಅಜ್ಜಾ, ಇದು ನಮ್ಮ ದೇಶದ್ದಲ್ಲ. ಸಾಕಾಕ ಆಗ್ಲಿಲ್ಲಂದ್ರ ನನಗ ಫೋನ್ ಮಾಡ್ರಿ, ಒಯ್ತೀನಿ. ಕೆರಿಗೆ ಮಾತ್ರ ಬಿಡಬ್ಯಾಡ್ರಿ. ನಿಮ್ಮ ಹೆಸರು ನಾ ಯಾರ ಮುಂದೂ ಹೇಳಂಗಿಲ್ಲ."

ಚಿನ್ನು ಊಟದ ಬಟ್ಟಲಿನಷ್ಟಾಯಿತು. ಟಬ್ಬಿನ ನೀರು ಬದಲಿಸಿ ಬದಲಿಸಿ ನನಗೆ ಸಾಕಾಗಿತ್ತು. ಆದರೂ ಫೋನ್ ಮಾಡಲಿಲ್ಲ. ಒಯ್ದು ಕೊಂದುಬಿಟ್ಟರೆ — ಇಲಾಖೆಯವರು ಹೇಳುವುದೊಂದು, ಮಾಡುವುದೊಂದು ಎಂಬ ಹಳೆಯ ಗುಮಾನಿ. ಅವಳ ಮೇಲೆಯೇ ಗುಮಾನಿ! ಗಿರಿಜೆ ಶಿರೂರಿನ ತಂಗಿಯ ಮನೆಗೆ ಹೋಗಿದ್ದಾಗ, ಬೆಳಗಿನ ಪೂಜೆಗೆ ಮೊದಲೇ, ಚಿನ್ನುವಿಗೆ ಕುಂಕುಮ ಹಚ್ಚಿ ಕೆರೆಗೆ ಬಿಟ್ಟೆ. ಪುಣ್ಯದ ಕೆಲಸ ಮಾಡಿದಂತೆಯೇ ಅನಿಸಿತು. ಗಿರಿಜೆ ಅತ್ತಾಳೆಂದು, ಫಾರೆಸ್ಟಿನ ಹೆಣ್ಣು ಒಯ್ದಳು ಎಂದುಬಿಟ್ಟೆ.

ಮುಂದೆ ಆ ಗಾರ್ಡ್ ಹುಡುಗಿ ಮನೆಗೆ ಬಂದಾಗ ಗಿರಿಜೆ ಓಡಿಬಂದಳು. "ಹೆಣ್ಣೇ, ನಮ್ಮ ಚಿನ್ನು ಹ್ಯಾಂಗಿತ್ತ್?" ಅವಳು ನನ್ನ ಮುಖ ನೋಡಿದಳು. ಒಂದು ಗಳಿಗೆ, ಅಷ್ಟೇ. "ಆರಾಮ ಐತಿ, ಅಮ್ಮ" ಎಂದಳು. ಹೊರಡುವಾಗ ಗೇಟಿನ ಹತ್ತಿರ, ಚಿನ್ನು ಏನಾಯಿತೆಂದು ಮೆಲ್ಲಗೆ ಕೇಳಿದಳು. ಸತ್ತುಹೋಯಿತು ಎಂದೆ. ನಂಬಿದಳು.

ಕೆರೆಯಲ್ಲಿ ಕೆಂಪು ಗೆರೆಯ ಆಮೆಗಳು ಹೆಚ್ಚಾದವು. ನನ್ನಂತೆ ಇನ್ನೂ ಕೆಲವರು ಬಿಟ್ಟಿರಬೇಕು. ದೇವರ ಆಮೆಯೆಂದು ಜನ ಹುರಿಯಕ್ಕಿ ಹಾಕುತ್ತಿದ್ದರು. ಅವಳು ಬಲೆ, ಗೋಣಿ ಹಿಡಿದು ಬಂದ ದಿನ ಕೆರೆಯ ಮೆಟ್ಟಿಲ ಮೇಲೆ ನಾನೂ ಇದ್ದೆ. ಒಂದು ಆಮೆಯನ್ನು ಎತ್ತಿದವಳು ಅದರ ಮುಕ್ಕಾದ ಅಂಚು ಸವರಿ, ತಲೆ ಎತ್ತಿ ನನ್ನತ್ತ ನೋಡಿದಳು. ಈಗ ಹೇಳಿಬಿಡುತ್ತಾಳೆ — ಅಷ್ಟೇ ಹೊಳೆದದ್ದು. ಅವಳು ಬಾಯಿ ತೆರೆಯುವ ಮೊದಲು ನಾನು ತೆರೆದೆ.

"ನಿನ್ನೆವರೆಗೆ ಆಮೆ ಮುಟ್ಟುಕಾಗ ಅಂದವ್ರ್ ನೀವೇ. ಇವತ್ತ್ ಗೋಣಿ ತಕಂಡ್ ಬಂದ್ ದೇವ್ರ ಕೆರೆದ್ದೇ ಹಿಡಿತ್ರಿ. ಯಾರಿಗ್ ಮಾರುಕೆ, ಮರಾಯ್ರೆ?"

ಹಿಂದಿನಿಂದ ಯಾರೋ ಸೇರಿಸಿದರು: "ಹೌದೇ ಹೌದ್. ಕಡಲ್ ಕರೆಯಲ್ಲೂ ನಾಲ್ಕ್ ಮರಿ ತೋರ್ಸಿ, ಉಳ್ದ ಮೊಟ್ಟೆ ಎಲ್ಲಿಗ್ ಹೋಯ್ತೋ ಯಾರ್ ಕಂಡಿದ್ರ್?"

ಅವಳು ಹೇಳಿದ್ದು ಇಷ್ಟೇ: "ಇವು ಇಲ್ಲಿವಲ್ಲರೀ. ನಮ್ಮ ಕೆರಿ ಆಮಿಗೆ ಇವು ತುತ್ತು ಉಳಸಂಗಿಲ್ಲ." ಯಾರೂ ಕೇಳಲಿಲ್ಲ. ಹಿಡಿದದ್ದನ್ನೆಲ್ಲ ಜನ ವಾಪಸು ಬಿಡಿಸಿದರು. ಚಿನ್ನುವನ್ನು ಅವಳೇ ಬಗ್ಗಿ, ಎರಡೂ ಕೈಯಲ್ಲಿ ನೀರಿಗಿಳಿಸಿದಳು. ನನ್ನ ಕಡೆ ಮತ್ತೆ ನೋಡಲಿಲ್ಲ.

ಆಮೇಲಿನ ಸಲ ಕಡಲಾಮೆ ಮೊಟ್ಟೆಯಿಡುವ ಕಾಲ ಬಂದಾಗ ಅವಳಿಗೆ ಯಾರೂ ಫೋನ್ ಮಾಡಲಿಲ್ಲ. ಮಾಡಲು ನನಗೂ ಮುಖವಿರಲಿಲ್ಲ. ಒಂದು ಬೆಳಿಗ್ಗೆ ಮರಳಿನಲ್ಲಿ ಆಮೆ ಹತ್ತಿ ಇಳಿದ ಜಾಡು ಕಂಡೆ. ಕಂಡೂ ಮನೆಗೆ ಬಂದೆ. ಮರುದಿನ ಹೋದರೆ ನಾಯಿಗಳು ಗೂಡು ಅಗೆದು ಮುಗಿಸಿದ್ದವು. ಒದ್ದೆ ಕಾಗದದಂಥ ಸಿಪ್ಪೆಗಳು ಅಲ್ಲೆಲ್ಲ ಹರಡಿದ್ದವು. ಆ ಮಳೆಗಾಲದ ಮೊದಲು ಅವಳಿಗೆ ವರ್ಗವಾಯಿತು. ಹೋಗುವ ಮುನ್ನ ಗಿರಿಜೆಯನ್ನು ಮಾತಾಡಿಸಲು ಬಂದಿದ್ದಳಂತೆ. ನಾನು ಬೇಕೆಂದೇ ಹೊರಗೆ ಹೋಗಿದ್ದೆ.

ಕಳೆದ ವರ್ಷ ಗಿರಿಜೆಯೂ ಹೋದಳು. ಚಿನ್ನು ಆರಾಮವಾಗಿದೆ ಎಂದು ಕೊನೆಯವರೆಗೂ ನಂಬಿದ್ದಳು — ನನ್ನ ಮಾತಿನ ಮೇಲಲ್ಲ, ಆ ಹುಡುಗಿಯ ಮಾತಿನ ಮೇಲೆ.

ಕೆರೆಯಲ್ಲಿ ಈಗ ನಮ್ಮ ಕರಿ ಆಮೆಗಳು ಕಾಣುವುದಿಲ್ಲ. ಹೊಸ ಗಾರ್ಡ್ ಬಂದಿದ್ದಾನೆ. ಅವನಿಗೆ ಯಾರ ಜಗುಲಿಯಲ್ಲೂ ಚಾ ಇಲ್ಲ. ಮೊನ್ನೆ ನಾನೇ ಕರೆದು ಕೂರಿಸಿ, ಕೆರೆಯ ಕೆಂಪು ಗೆರೆಯವನ್ನು ಹಿಡಿಯಲು ಬಾ ಎಂದೆ. ಅವನು ಬಲೆ ತರುವ ದಿನ ಅದೇ ಮೆಟ್ಟಿಲ ಮೇಲೆ ನಿಂತು, ಮುಕ್ಕು ಚಿಪ್ಪಿನದು ನಾನು ಬಿಟ್ಟದ್ದು ಎಂದು ಎಲ್ಲರಿಗೂ ಕೇಳುವಂತೆ ಹೇಳುತ್ತೇನೆ. ಕೆರೆಗೆ ಅದು ಸಾಕಾದೀತು. ಆ ಹುಡುಗಿಗೆ ಸಾಲದು.

ನಾವೆಲ್ಲ ಅವಳನ್ನು ಆಮೆ ಮೇಡಂ ಎನ್ನುತ್ತಿದ್ದೆವು. ನಾನು ಒಮ್ಮೆಯೂ ಹೆಸರು ಹಿಡಿದು ಕರೆದದ್ದಿಲ್ಲ. ನನ್ನ ಹೆಸರು ಹೇಳುವುದಿಲ್ಲವೆಂದು ಕೊಟ್ಟ ಮಾತನ್ನು, ನಾನು ಅವಳನ್ನು ಹಾಗೆ ನಿಲ್ಲಿಸಿದಾಗಲೂ, ಅವಳು ಉಳಿಸಿಕೊಂಡಳು. ಅವಳ ಹೆಸರನ್ನಾದರೂ ಇಲ್ಲಿ ನಾನು ಹೇಳಬೇಕು.

ರೇಣುಕಾ.