ಬಯೋಡೇಟಾದಲ್ಲಿ ಅವ್ವನ ಮೂರು ವರ್ಷ

ನಮ್ಮ ಮನೆಯಲ್ಲಿ ಬಯೋಡೇಟಾ ಎಂದರೆ ಗಂಡಿನ ಕಡೆಯವರಿಗೆ ಕಳಿಸುವುದು, ಅಷ್ಟೇ. ನಕ್ಷತ್ರ, ಎತ್ತರ, ಜಮೀನು ಎಲ್ಲವನ್ನೂ ಬರೆಯಬೇಕು. ಮನೆಯಲ್ಲಿ ಯಾರಿಗಾದರೂ ಕಾಯಿಲೆಯಿದ್ದರೆ ಮಾತ್ರ ಬಾಯಿ ಬಿಡಬಾರದು. ಹಾಗಾಗಿ ನಾನು ಕೆಲಸಕ್ಕೆಂದು ಬಯೋಡೇಟಾ ಬರೆಯಲು ಕೂತಾಗ ಅವ್ವ ಮಂಚದಿಂದಲೇ ಕೂಗಿದಳು, "ನನ್ ಇಚಾರ ಅದ್ರಲ್ಲಿ ಆಕ್ಬ್ಯಾಡ ಕಣವ್ವ."

ಅವ್ವನ ವಿಚಾರವೇ ನನ್ನ ತಲೆನೋವಾಗಿತ್ತು. ಮದ್ದೂರಿನ ಅಕ್ಕಿ ಗಿರಣಿಯಲ್ಲಿ ಲೆಕ್ಕ ಬರೆಯುತ್ತಿದ್ದ ನಾನು, ಅವಳಿಗೆ ಲಕ್ವ ಹೊಡೆದ ಮೇಲೆ ಕೆಲಸ ಬಿಟ್ಟು ಕೆರಗೋಡಿನ ಮನೆ ಸೇರಿದ್ದೆ. ಸ್ನಾನ, ಊಟ, ಮಾತ್ರೆ, ಆಸ್ಪತ್ರೆಯ ಓಡಾಟದಲ್ಲೇ ಮೂರು ವರ್ಷ ಹೋಯಿತು. ಈಗ ಅವ್ವ ಕೋಲೂರಿ ನಡೆಯುತ್ತಿದ್ದಳು. ಆ ಮೂರು ವರ್ಷ ಬರೆಯದೆ ಬಿಟ್ಟರೆ ನನ್ನನ್ನು ಮೈಗಳ್ಳಿ ಎಂದುಕೊಳ್ಳುತ್ತಾರೆ.

ಗುತ್ತಲಿನಲ್ಲಿ ಕಂಪ್ಯೂಟರ್ ಅಂಗಡಿ ಇಟ್ಟಿರುವ ಗೆಳತಿ, "ಇದ್ದುದ್ನ ಇದ್ದಂಗೇ ಆಕು ಕಣೇ. ಸುಳ್ಳೇಳಿ ಸಿಕ್ಕಾಕಂಡ್ರೆ ಮುಗೀತು," ಅಂದಳು. ಅದೇ ಸರಿ ಅನಿಸಿತು. ಲಕ್ವ ಹೊಡೆದ ತಾಯಿಯ ಆರೈಕೆ, ಮೂರು ವರ್ಷ ಎಂದೇ ಟೈಪ್ ಮಾಡಿಸಿದೆ. ಅವ್ವನಿಗೆ ಹೇಳಲಿಲ್ಲ.

ಮಂಡ್ಯದ ಒಂದು ಆಫೀಸಿನಲ್ಲಿ ಸಂದರ್ಶನ ಚೆನ್ನಾಗಿಯೇ ಆಯಿತು. ಫೋನ್ ಮಾಡಿ ತಿಳಿಸುತ್ತೇವೆ ಎಂದರು.

ಆ ಫೋನ್ ಬಂದಾಗ ನಾನು ಹಿತ್ತಲಲ್ಲಿ ಬಟ್ಟೆ ಒಗೆಯುತ್ತಿದ್ದೆ. ಕೈ ಒರೆಸಿಕೊಂಡು ಓಡಿ ಬರುವಷ್ಟರಲ್ಲಿ ಅವ್ವ ಎತ್ತಿಯಾಗಿತ್ತು.

"ಕಾಯ್ಲೆನಾ? ನಂಗ್ಯಾವ ಕಾಯ್ಲೆನೂ ಇಲ್ಲ ಸ್ವಾಮಿ. ಕಲ್ಗುಂಡ್ನಂಗಿವ್ನಿ. ಅವ್ಳು ನನ್ನ ನೋಡ್ಕಳಾದಾ? ನಾನೇ ಅವ್ಳಿಗೆ ಬೇಯ್ಸಿ ಆಕ್ತೀನಿ. ಲಕ್ವ ಅಂತ ಯಾರೇಳಿದ್ದು ನಿಮ್ಗೆ?"

ಫೋನ್ ಕಿತ್ತುಕೊಂಡೆ. ಅವರು ಆಗಲೇ ಇಟ್ಟಿದ್ದರು. ತಿರುಗಿ ಮಾಡಿದರೆ, "ಲೆಕ್ಕದ ಕೆಲಸಮ್ಮ ಇದು. ಸುಳ್ಳು ಬರೆಯೋರನ್ನ ತಗೊಳಲ್ಲ," ಎಂದರು. ನಾನು ವಿವರಿಸುವ ಮೊದಲೇ ಕಟ್ ಮಾಡಿದರು.

ಸಿಟ್ಟು ನೆತ್ತಿಗೇರಿತು. ಬೈಯಬೇಕೆಂದೇ ತಿರುಗಿದೆ. ಅವ್ವ ಸೆಟೆದ ಎಡಗೈಯನ್ನು ಸೆರಗಿನಲ್ಲಿ ಮುಚ್ಚಿಕೊಂಡು, ಗಂಡಿನ ಕಡೆಯವರು ಎದುರಿಗೇ ಇದ್ದಾರೇನೋ ಎಂಬಂತೆ ನೆಟ್ಟಗೆ ಕೂತಿದ್ದಳು.

"ಯಾರೋ ಚಾಡಿ ಏಳವ್ರೆ ಕಣವ್ವ. ನಾನು ಬುಡ್ಲಿಲ್ಲ," ಅಂದಳು. ಮುಖದಲ್ಲಿ ಗೆದ್ದ ನಗೆ. "ಯಾವತ್ತಿಂದ ಬರಾಕೇಳುದ್ರು ಕೆಲ್ಸುಕ್ಕೆ?"

"ಏಳಿ ಕಳುಸ್ತಾರಂತೆ ಕಣವ್ವ," ಎಂದೆ. ಹಿತ್ತಲಿಗೆ ಹೋಗಿ, ಅವಳಿಗೆ ಕೇಳದಿರಲೆಂದು ನಲ್ಲಿ ಬಿಟ್ಟುಕೊಂಡು, ಬಿಕ್ಕಿ ಬಿಕ್ಕಿ ಅತ್ತೆ.