ಊದಿದ ಪ್ಲಗ್ಗು

ಘತ್ತರಗಿಯ ಹತ್ತಿರ ಭೀಮಾ ನದಿಯ ನಡುವೆ ನನ್ನ ದೋಣಿಯ ಮೋಟಾರು ನಿಂತಿತು. ಬೆಳಗಿನಿಂದ ಗುಡಿಗೆ ಹೋಗುವ ಒಬ್ಬ ಭಕ್ತನೂ ದೋಣಿ ಹತ್ತಿರಲಿಲ್ಲ. ಮೋಟಾರಿಗೆ ಕಿಡಿ ಕೊಡುವ ಪ್ಲಗ್ಗಿನ ಸುತ್ತ ನೀರು ಸಿಡಿದಿತ್ತು. ಮಹಾ ಜಾಣನಾದ ನಾನು ಬಾಯಿಂದಲೇ ಊದಿ ಊದಿ ಒಣಗಿಸಿದೆ. ಶಹನಾಯಿಯವರಿಗೂ ಅಷ್ಟು ದಮ್ಮು ಇರಲಿಕ್ಕಿಲ್ಲ. ಮೋಟಾರು ಕೆಮ್ಮಲೂ ಇಲ್ಲ. ಅಫಜಲಪುರದ ಮೆಕ್ಯಾನಿಕ್ ಕಾಕಾಗೆ ಫೋನು ಹಚ್ಚಿದೆ.

“ಬಾಯಿಲೆ ಊದಿದ್ಯೇನ್ಲೇ?”

“ಹೌದ್ರಿ ಕಾಕಾ.”

“ಉಸಿರಿನ್ಯಾಗೂ ನೀರ್ ಇರ್ತದಲೇ ಹುಚ್ಚಪ್ಪ! ಒಣ ಅರಬಿಲೆ ಒರಸು. ಪ್ಲಗ್ಗಿನ ಟೋಪಿ ಒಳಗೂ ಒರಸು.”

ನನ್ನ ಮೈಮೇಲೆ ಒಣಗಿದ್ದು ಅಂಗಿಯ ಕಾಲರ್ ಒಂದೇ. ಅಂಗಿ ಬಿಚ್ಚಿ ಅದರಿಂದಲೇ ಒರೆಸಿ ಮೋಟಾರಿನ ಹಗ್ಗ ಜಗ್ಗಿದೆ. ಮೋಟಾರು ಗುಡುಗಿತು.

“ಚಾಲೂ ಆತಲ್ಲ? ಇಡ್ತೇನಿ,” ಎಂದು ಕಾಕಾ ಫೋನಿಟ್ಟರು.

ಬೆಳಗಿನಿಂದ ಬೈದಾದರೂ ನನ್ನನ್ನು ಮಾತಾಡಿಸಿದ್ದು ಅವರೊಬ್ಬರೇ. ಮೋಟಾರು ಬಂದ್ ಮಾಡಿ, ಪ್ಲಗ್ಗು ಬಿಚ್ಚಿ, ಮತ್ತೊಮ್ಮೆ ಊದಿದೆ.