ಕೂಸಿಲ್ಲದ ಬಾಣಂತಿಗೂ ಬಾಣಂತನ

ಹೆರಿಗೆಗಳನ್ನು ಸುಸೂತ್ರವಾಗಿ ಮಾಡಿಸಿ ಹೆಸರು ಪಡೆದ ವೈದ್ಯರು ಗೋವಾದ ಸರಕಾರಿ ಆರೋಗ್ಯ ಸೇವೆಯಲ್ಲಿ ಹಲವರಿದ್ದಾರೆ. ಹೆರಿಗೆಯವರೆಗೆ ತಲುಪದೇ ಹೋದ ಹೆಂಗಸರ ಡಾಕ್ಟರೆಂದು ಹೆಸರಾದವರು, ನಾನು ಬಲ್ಲಂತೆ, ಡಾ. ನಂದಾ ಹೆಬಸೂರ ಒಬ್ಬರೇ. ಈ ವರ್ಷ ಸೇವೆಯಿಂದ ನಿವೃತ್ತರಾಗುತ್ತಿರುವ ಅವರ ಬಗ್ಗೆ ಬರೆಯಲು ಸಂಪಾದಕರು ಕೇಳಿದಾಗ, ಅವರ ಕೈಯಲ್ಲಿ ಹುಟ್ಟಿದ ಮಕ್ಕಳ ವಿಷಯ ಬೇರೆಯವರು ಬರೆಯಲಿ, ಹುಟ್ಟದ ಮಕ್ಕಳ ತಾಯಂದಿರ ವಿಷಯ ನಾನು ಬರೆಯುತ್ತೇನೆ ಎಂದೆ.

ಮೇಡಂ ಹುಟ್ಟಿದ್ದು ಧಾರವಾಡದ ಕಡೆ, ಬೆಳೆದದ್ದು ಗೋವಾದ ಕುಡಚಡೆಯಲ್ಲಿ. ಅವರ ತಂದೆ ಅಡಿವೆಯ್ಯನವರ ಕಿರಾಣಿ ಅಂಗಡಿ ಅಲ್ಲಿನ ರೈಲು ನಿಲ್ದಾಣದ ಹತ್ತಿರವಿತ್ತು. ಅದಿರಿನ ಲಾರಿಗಳ ಕೆಂಪು ಧೂಳನ್ನು ತಕ್ಕಡಿಯಿಂದ ಒರೆಸುತ್ತ, ಬಂದ ಗಿರಾಕಿಗೆ ಕೊಂಕಣಿ, ಮರಾಠಿ, ಕನ್ನಡ ಯಾವುದು ಒಗ್ಗುವುದೋ ಅದರಲ್ಲಿ ಮಾತನಾಡುತ್ತ ಬೆಳೆದ ಹುಡುಗಿ, ಹುಬ್ಬಳ್ಳಿಯಲ್ಲಿ ವೈದ್ಯಕೀಯ ಓದಿ ಗೋವಾಕ್ಕೇ ಮರಳಿದರು. ಮೊದಲ ಕೆಲವು ವರ್ಷ ವಾಳಪೈಯಲ್ಲಿ ಕೆಲಸ ಮಾಡಿ, ಆಮೇಲೆ ಬಂದರಿನ ಸಮೀಪದ ನಮ್ಮ ಆಸ್ಪತ್ರೆಗೆ ಬಂದರು. ನಾನು ಅಲ್ಲಿ ನರ್ಸಾಗಿ ಸೇರಿದ್ದು ಎರಡು ಸಾವಿರದ ಒಂದರಲ್ಲಿ.

ನಮ್ಮ ವಾರ್ಡಿಗೆ ಬರುತ್ತಿದ್ದವರಲ್ಲಿ ಹತ್ತಿರದ ಕೂಲಿಕಾರರ ಬಡಾವಣೆ ಝುವಾರಿನಗರದ ಹೆಂಗಸರೇ ಹೆಚ್ಚು. ವಿಜಯಪುರ, ಬಾಗಲಕೋಟೆ ಕಡೆಯಿಂದ ಬಂದು ಕಟ್ಟಡಗಳಲ್ಲಿ ಬುಟ್ಟಿ ಹೊರುವವರು. ಬಸಿರು ಅರ್ಧಕ್ಕೆ ನಿಂತರೆ ಗರ್ಭಚೀಲವನ್ನು ಶುಚಿ ಮಾಡುವ ಡಿ ಅಂಡ್ ಸಿ ಎಂಬುದನ್ನು ಅವರು ‘ಚೀಲಾ ತೊಳಸೂದು’ ಎನ್ನುತ್ತಿದ್ದರು. ಅದರ ಬಗ್ಗೆ ಅವರಿಗಿದ್ದ ಭಯ ಸಣ್ಣದಲ್ಲ. ಮೇಡಂ ಆ ಭಯವನ್ನು ಗದರಿಸಿ ಓಡಿಸುತ್ತಿರಲಿಲ್ಲ. ಮಂಚದ ಅಂಚಿಗೆ ಕುಳಿತು, ಏನೇನು ಆಗುತ್ತದೆ ಎಂಬುದನ್ನು ಮೊದಲಿಂದ ಕೊನೆಯವರೆಗೆ ಹೇಳುತ್ತಿದ್ದರು.

“ರಾತ್ರಿ ಉಂಡ ಮ್ಯಾಲ ಏನೂ ತಿನ್ನಂಗಿಲ್ಲವ್ವ. ಮುಂಜಾನೆ ಒಂದು ಗುಳಿಗಿ ಇಡ್ತೀವಿ, ಗರ್ಭದ ಬಾಯಿ ಮೆತ್ತಗಾಗಲಿ ಅಂತ. ಮುಟ್ಟಿನಾಗ ಹಿಂಡತೈತಲ್ಲ, ಹಂಗ ಕಿಬ್ಬೊಟ್ಟಿ ಹಿಂಡತೈತಿ. ಕೈಗೆ ಸೂಜಿ ಮಾಡಿದ ಮ್ಯಾಲ ನಿದ್ದಿ ಹತ್ತತೈತಿ. ಹೊಟ್ಟಿ ಕೊಯ್ಯೂದಿಲ್ಲ, ಹೊಲಿಯೂದಿಲ್ಲ. ಒಲಿ ಮ್ಯಾಲ ಅನ್ನ ಆಗೂದ್ರಾಗ ಮುಗಿತೈತಿ.”

“ಚೀಲಾ ತಗದ ಬಿಡ್ತೀರೇನ್ರಿ?” ಎಂದು ಯಾರಾದರೂ ಕೇಳಿಯೇ ಕೇಳುತ್ತಿದ್ದರು.

“ಚೀಲಾ ಎಲ್ಲೂ ಹೋಗೂದಿಲ್ಲ. ಮನಿ ಖಾಲಿ ಮಾಡಿ ಕಸಾ ಹೊಡದು ಕೊಡ್ತೀವಿ. ಮುಂದ ಬಾಡಿಗಿಗೆ ಯಾವಾಗ ಕೊಡಬೇಕು, ಅದು ನಿನ್ನ ಖುಷಿ.”

ಇಷ್ಟೆಲ್ಲ ಹೇಳಿ ಕಳಿಸಿದರೂ ಕೆಲವರು ಜ್ವರದಿಂದ ನಡುಗುತ್ತ ಮರಳಿ ಬರುತ್ತಿದ್ದರು. ರಕ್ತ ಹೆಚ್ಚಾದರೆ, ಚಳಿಜ್ವರ ಬಂದರೆ, ಕೆಟ್ಟ ವಾಸನೆ ಬಂದರೆ ತಕ್ಷಣ ಬರಬೇಕೆಂದು ಹೇಳಿದ್ದೆವು, ವಿಶ್ರಾಂತಿಯನ್ನೂ ಹೇಳಿದ್ದೆವು. ಅವರು ಕೇಳಿಸಿಕೊಂಡಿದ್ದರು ಕೂಡ. ಎಲ್ಲಿ ತಪ್ಪುತ್ತಿದೆ ಎಂಬುದು ಮೇಡಂ ಅವರನ್ನು ಬಹಳ ಕಾಡುತ್ತಿತ್ತು. ಅದು ತಿಳಿದದ್ದು ನೀಲವ್ವ ಬಂದ ವರ್ಷ.

ನೀಲವ್ವನಿಗೆ ಆಗ ಇಪ್ಪತ್ತೆರಡಿರಬಹುದು. ಗಂಡ ಮಾನಪ್ಪ ಬಂದರಿನಲ್ಲಿ ಹಮಾಲಿ. ಹಿಂದಿನ ವರ್ಷ ಮೊದಲ ಬಸಿರು ಹೋದಾಗ ಬೇರೆಲ್ಲೋ ತೊಳೆಸಿಕೊಂಡು, ಮರುದಿನವೇ ಬುಟ್ಟಿ ಹೊತ್ತು, ಜ್ವರ ಬಂದದ್ದನ್ನು ಯಾರಿಗೂ ಹೇಳದೆ ಕೆಲಸದ ಜಾಗದಲ್ಲೇ ಬಿದ್ದು, ಬದುಕಿದ್ದೇ ಹೆಚ್ಚು. ಈಗ ನಾಲ್ಕು ತಿಂಗಳ ಬಸುರಿ. ಸ್ಕ್ಯಾನಿನಲ್ಲಿ ಕೂಸಿನ ಎದೆಬಡಿತ ನಿಂತಿತ್ತು. ತೊಳೆಸಲೇಬೇಕು ಎಂದಾಗ ಆಕೆ ಮಂಚದ ಕಬ್ಬಿಣದ ಸರಳನ್ನು ಎರಡೂ ಕೈಯಿಂದ ಹಿಡಿದುಕೊಂಡು ಕುಳಿತುಬಿಟ್ಟಳು. ಅತ್ತೆ ಸುಂದರವ್ವ ಗಂಟು ಕಟ್ಟತೊಡಗಿದರು.

“ಹೋದ ಸಲಾ ತೊಳದ ಇಕೀನ್ನ ಕೆಡಿಸ್ಯಾರ್ರಿ. ಊರಿಗೆ ಕರಕೊಂಡು ಹೊಕ್ಕೇನಿ. ಅಲ್ಲಿ ಗಿಡಮೂಲಿ ಕೊಡ್ತಾರ.”

“ದಾರ್ಯಾಗ ಬಸ್ಸಿನಾಗ ರಗತ ಹರಿಲಿಕ್ಕೆ ಹತ್ತಿದ್ರ ಏನ್ಮಾಡ್ತೀರಿ ಸುಂದರವ್ವ? ಘಟ್ಟದಾಗ ಯಾರ್ನ ಕರೀತೀರಿ?” ಎಂದರು ಮೇಡಂ. ಸುಂದರವ್ವ ಗಂಟು ಬಿಗಿಯುವುದನ್ನು ನಿಲ್ಲಿಸಿದರು. “ಅದಿರ್ಲಿ. ಹೋದ ಸಲಾ ಆದ ಮ್ಯಾಲ ಎಷ್ಟು ದಿನಾ ಮಲಗಿದ್ಲು ಇಕಿ?”

“ಮಲಗೂದಾ? ಬಾಣಂತಿ ಏನ್ರಿ ಆಕಿ, ಮಲಗಾಕ?” ಸುಂದರವ್ವನಿಗೆ ನಿಜಕ್ಕೂ ಆಶ್ಚರ್ಯವಾಗಿತ್ತು. “ಕೂಸಿಲ್ಲದ ಬಾಣಂತನಾ ಯಾವೂರಾಗ ಮಾಡ್ತಾರ್ರಿ ಬಾಯಾರ?”

ಆ ಪ್ರಶ್ನೆಯಲ್ಲಿ ಕ್ರೌರ್ಯವಿರಲಿಲ್ಲ. ಮಗು ಹುಟ್ಟಿದ್ದರೆ ಅದೇ ಸುಂದರವ್ವ ಸೊಸೆಯ ಕಿವಿಗೆ ಅರಿವೆ ಕಟ್ಟಿ, ಬಿಸಿನೀರು ಎರೆದು, ಕೊಡ ಎತ್ತಗೊಡದೆ ಕಾಯುತ್ತಿದ್ದರು. ಕೂಸಿಲ್ಲದವಳಿಗೆ ಆ ಮನೆಯಲ್ಲಿ ಮಲಗಲು ಚಾಪೆಯಿತ್ತು, ಮಲಗುವುದಕ್ಕೆ ಕಾರಣವಿರಲಿಲ್ಲ. ನಮ್ಮ ಆಸ್ಪತ್ರೆಯ ‘ವಿಶ್ರಾಂತಿ’ ಎಂಬ ಮಾತು ಅಂಥ ಮನೆಗಳ ಹೊಸ್ತಿಲಲ್ಲೇ ನಿಂತುಬಿಡುತ್ತಿತ್ತು.

ಮೇಡಂ ಕನ್ನಡಕ ತೆಗೆದು, “ನಮ್ಮೂರಾಗ ಮಾಡ್ತಾರ” ಎಂದರು.

“ಯಾವುದ್ರಿ ನಿಮ್ಮೂರು?”

“ಇದ. ಈ ವಾರ್ಡು. ಬಾಣಂತನಾ ಕೂಸಿಗಲ್ಲ ಸುಂದರವ್ವ, ಹಡದ ಮೈಗೆ. ರಗತಾ ಹೋಗೂದು ಇಕೀದು. ನಾಳೆ ನಾಡ್ದು ಎದೀಗೆ ಹಾಲು ಸುದ್ದಾ ಬರಬಹುದು. ಕೂಸಿಲ್ಲಂತ ಮೈಗೇನು ಗೊತ್ತು? ಕಿವಿ ಕಟ್ರಿ, ಸಬ್ಬಸಗಿ ಪಲ್ಯಾ ಮಾಡಿ ಹಾಕ್ರಿ, ನೀರು ಎರೀರಿ. ಕೊಡಾ ಎತ್ತಸಬ್ಯಾಡ್ರಿ. ಮಾನಪ್ಪನ್ನ ದೂರ ಮಲಗಸ್ರಿ. ಒಳಗ ಮಾತ್ರ ಅರಿವಿ, ಔಷಧಿ ಏನೂ ಇಡಬ್ಯಾಡ್ರಿ. ಮತ್ತ ಕುಡೀಲಿಕ್ಕೆ ಹೊಟ್ಟಿತುಂಬ ನೀರು ಕೊಡ್ರಿ.”

“ನೀರಾ! ಬಾಣಂತಿಗೆ ನೀರು ಕೊಟ್ರ ಹೊಟ್ಟಿ ಬರ್ತೈತ್ರಿ.”

ಮೇಡಂ ಎದ್ದು ನಿಂತು, ಏಪ್ರನ್ನಿನ ಮೇಲಿಂದ ತಮ್ಮ ಹೊಟ್ಟೆ ತಟ್ಟಿದರು. “ನಾ ಹಡದ ಇಲ್ಲ. ನಂದ್ಯಾಕ ಬಂದೈತಿ?”

ಇಡೀ ವಾರ್ಡು ನಕ್ಕಿತು. ಸೆರಗು ಬಾಯಿಗಿಟ್ಟುಕೊಂಡು ಸುಂದರವ್ವನೂ ನಕ್ಕರು. ಆ ನಗು ಮುಗಿದ ಮೇಲೆ ನೀಲವ್ವ ಮೊದಲ ಸಲ ಬಾಯಿ ತೆರೆದಳು.

“ಬಾಯಾರ, ನಾ ಬುಟ್ಟಿ ಹೊತ್ತಿದ್ದಕ್ಕ ಹೋತೇನ್ರಿ?”

“ಇಲ್ಲ ತಂಗಿ. ಬುಟ್ಟಿ ಹೊತ್ತು ಹಡದವರು ನಿಮ್ಮ ಓಣಿ ತುಂಬ ಅದಾರ. ನೀ ಮಾಡಿದ್ದಕ್ಕ ಹೋಗಿಲ್ಲ, ಮಾಡದೇ ಇದ್ದದ್ದಕ್ಕೂ ಹೋಗಿಲ್ಲ. ಅದಕ್ಕ ಬೆಳಿಲಿಕ್ಕೆ ಆಗಲಿಲ್ಲ.”

ಆಕೆಯ ಬೆರಳುಗಳು ಸರಳನ್ನು ಒಂದೊಂದಾಗಿ ಬಿಟ್ಟವು. ಆಮೇಲೆ ಅತ್ತಳು, ಜೋರಾಗಿ, ಯಾರನ್ನೂ ಲೆಕ್ಕಿಸದೆ. ಅಳುವುದಕ್ಕೂ ಒಂದು ಸ್ಥಾನ ಬೇಕಾಗುತ್ತದೆ. ಬಾಣಂತಿ ಎಂಬ ಮಾತು ಅವಳಿಗೆ ಅದನ್ನು ಕೊಟ್ಟಿತ್ತು ಎಂದು ನನಗೆ ಈಗಲೂ ಅನ್ನಿಸುತ್ತದೆ.

ಮರುದಿನ ಎಲ್ಲ ಮೇಡಂ ಹೇಳಿದಂತೆಯೇ ನಡೆಯಿತು. ಎಚ್ಚರವಾದ ಮೇಲೆ ನೀಲವ್ವ ಸುತ್ತ ನೋಡಿ, “ಇಷ್ಟನ ಏನ್ರಿ?” ಎಂದು ಕೇಳಿದಳು, ಮೋಸ ಹೋದವಳ ಹಾಗೆ. ಮನೆಗೆ ಹೋದ ಮೇಲೆ ಹಾಲೂ ಬಂತು. ಹಿಂಡಬಾರದು, ಬಿಗಿಯಾದ ಕುಪ್ಪಸ ತೊಟ್ಟು ತಣ್ಣೀರಿನ ಬಟ್ಟೆ ಇಟ್ಟುಕೊಂಡರೆ ತಾನೇ ಬತ್ತುತ್ತದೆ ಎಂದು ಮೊದಲೇ ಹೇಳಿದ್ದರಿಂದ ಹೆದರಲಿಲ್ಲ. ಝುವಾರಿನಗರದ ಆ ಒಂದೇ ಖೋಲಿಯ ಮನೆಯಲ್ಲಿ ಸೊಸೆ ಕಿವಿ ಕಟ್ಟಿಕೊಂಡು ಮಲಗಿದ್ದನ್ನು ನೋಡಲು ಓಣಿಯೇ ಬಂತಂತೆ.

“ಕೂಸೆಲ್ಲೈತಿ, ತೋರಸ ನೋಡೂನು” ಎಂದು ಪಕ್ಕದ ಮನೆಯ ತುಳಸಿಬಾಯಿ ಅಣಕಿಸಿದಳು.

“ಕೂಸು ಹೋತು. ಸೊಸಿ ಅದಾಳ. ಕಣ್ಣು ಕಾಣೂದಿಲ್ಲೇನ ನಿನಗ?” ಎಂದರು ಸುಂದರವ್ವ.

ಮುಂದಿನ ವಾರ ಒಂದು ಬೆಳಿಗ್ಗೆ ರಕ್ತ ಹೆಚ್ಚಾಯಿತು. ಈ ಸಲ ನೀಲವ್ವ ಮುಚ್ಚಿಡಲಿಲ್ಲ, ಅತ್ತೆ ಕಾಯಲಿಲ್ಲ. ರಿಕ್ಷಾ ಮಾಡಿಕೊಂಡು ಬಂದರು. ಔಷಧದಲ್ಲೇ ನಿಂತಿತು. ಗುಣವಾಗಿ ಹೊರಟ ನೀಲವ್ವ ವಾರ್ಡಿನ ಬಾಗಿಲಲ್ಲಿ ತಾನೇ ತನ್ನ ಗಂಟು ಎತ್ತಿಕೊಳ್ಳಲು ಬಾಗಿದಾಗ, ಅತ್ತೆ ಅದನ್ನು ಕಸಿದುಕೊಂಡು ತಮ್ಮ ತಲೆಯ ಮೇಲಿಟ್ಟುಕೊಂಡರು. ಎರಡು ವರ್ಷದ ಮೇಲೆ ನೀಲವ್ವನಿಗೆ ಹೆಣ್ಣುಮಗುವಾಯಿತು. ಆದರೆ ಮೇಡಂ ತಮ್ಮ ಗೆಲುವೆಂದು ಹೇಳಿಕೊಂಡದ್ದು ಆ ಹೆರಿಗೆಯನ್ನಲ್ಲ, ಆ ಗಂಟನ್ನು.

ಅಂದಿನಿಂದ ಅವರು ಪ್ರತಿ ಮನೆಯವರಿಗೂ ಬಾಣಂತನದ ಮಾತನ್ನೇ ಆಡಿದರು. ಆಧುನಿಕ ಆಸ್ಪತ್ರೆಯಲ್ಲಿ ಇದೇನು ಅಜ್ಜಿಯರ ಮಾತು ಎಂದು ಸಹೋದ್ಯೋಗಿಗಳು ಮೂಗು ಮುರಿದರು. ಜ್ವರ ಹೊತ್ತು ಮರಳುವವರು ವರ್ಷದಿಂದ ವರ್ಷಕ್ಕೆ ಕಡಿಮೆಯಾದದ್ದನ್ನು ಕಂಡು ಅವರೂ ಆ ಮಾತನ್ನೇ ಕಲಿತರು. ಕೊಂಕಣಿಯಲ್ಲಿ, ಹಿಂದಿಯಲ್ಲಿ ಅದನ್ನು ಹೇಳುವುದು ನಮ್ಮ ವಾರ್ಡಿನ ರೂಢಿಯಾಯಿತು.

ಕಳೆದ ತಿಂಗಳು, ಅವರ ಸೇವೆಯ ಕೊನೆಯ ವಾರಗಳಲ್ಲಿ, ಶ್ವೇತಾ ಎಂಬ ಹುಡುಗಿ ಬಂದಿದ್ದಳು. ಮೂರು ತಿಂಗಳ ಬಸಿರು ಹೋಗಿತ್ತು. ಜೊತೆಗಿದ್ದ ಅತ್ತೆ ಹೇಮಿಬಾಯಿಯನ್ನು ನಾವು ಯಾರೂ ಹಿಂದೆ ಕಂಡವರಲ್ಲ. ಮೇಡಂ ಮಂಚದ ಅಂಚಿಗೆ ಕುಳಿತು, “ನೋಡ್ರಿ, ಇಕಿನೂ ಬಾಣಂತಿನ…” ಎಂದು ಶುರು ಮಾಡುವಷ್ಟರಲ್ಲೇ ಹೇಮಿಬಾಯಿ ತಡೆದಳು.

“ಅದು ಯಾರಿಗೆ ಗೊತ್ತಿಲ್ರಿ ಬಾಯಾರ? ಮಗನ ಹಾಸಿಗಿ ಸುತ್ತಿ ಗೆಳ್ಯಾನ ಖೋಲಿಗೆ ಕಳಿಸಿ ಬಂದೇನಿ. ನಮ್ಮ ಓಣ್ಯಾಗ ಮೊದಲಿಂದ ಹಿಂಗ ಮಾಡ್ತಾರ. ನೀವು ನಿಮ್ಮ ಕೆಲಸಾ ಮಾಡ್ರಿ.”

ಮೊದಲಿಂದ! ಮೇಡಂ ನನ್ನ ಕಡೆ ನೋಡಿದರು. ಆಮೇಲೆ ಕಣ್ಣಲ್ಲಿ ನೀರು ಬರುವಷ್ಟು ನಕ್ಕು, “ಹೌದ್ರಿ ಯವ್ವಾ, ಮೊದಲಿಂದ ಹಿಂಗ” ಎಂದು ಎದ್ದು ಕೈ ತೊಳೆಯಲು ಹೋದರು.

ತಾನು ತಂದ ಪದ್ಧತಿ ತನ್ನ ಹೆಸರನ್ನೇ ಮರೆತು ಓಣಿಯ ಹಳೆಯ ಪದ್ಧತಿಯಾಗುವುದಕ್ಕಿಂತ ದೊಡ್ಡ ಸನ್ಮಾನ ವೈದ್ಯರಿಗೆ ಇನ್ನಾವುದಿದೆ? ಬರುವ ತಿಂಗಳಿಂದ ಮೇಡಂ ಝುವಾರಿನಗರದಲ್ಲೇ ಒಂದು ಖೋಲಿ ಹಿಡಿದು, ಶನಿವಾರಗಳಂದು ಹೆಂಗಸರನ್ನು ನೋಡಲು ಕೂರಲಿದ್ದಾರೆ. ಆ ಖೋಲಿಯ ಬಾಗಿಲು ಬಹುಕಾಲ ತೆರೆದಿರಲಿ. ಅವರ ಮೈಯ ಕಸುವೂ ನಗುವೂ ಹೀಗೆಯೇ ಇರಲಿ. ಇನ್ನೂ ಹಲವು ಓಣಿಗಳ ಅತ್ತೆಯಂದಿರು ಅವರ ಮಾತನ್ನು ಅರ್ಧಕ್ಕೇ ತಡೆದು, ತಮಗೆಲ್ಲ ಗೊತ್ತಿದೆಯೆಂದು ಅವರನ್ನೇ ಗದರಿಸುವಂತಾಗಲಿ.